ಅಳೆಯುವುದಕ್ಕೆ ಫೋನ್ ಬೇಕು: ಶಿವಮೊಗ್ಗದ ಡಿಡಿಪಿಐ ಅವರಿಗೂ ಮಲೆನಾಡಿನ ಪೋಷಕರಿಗೂ ಒಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ,
ಶಿವಮೊಗ್ಗ

ವಿಷಯ: ಪ್ರೌಢಶಾಲೆಯ ತರಗತಿಯಲ್ಲಿ, ಶಿಕ್ಷಕರ ಕಣ್ಣೆದುರು, ಮಕ್ಕಳು ಮೊಬೈಲ್ ಫೋನನ್ನು ಪ್ರಯೋಗದ ಉಪಕರಣವಾಗಿ ಬಳಸಲು ಅನುಮತಿ ಕೋರಿ

ಮಾನ್ಯರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಮಲೆನಾಡಿನ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ಈಗಲೂ ಹತ್ತಿರದ ಶಾಲೆಯವರು ಕರೆದರೆ ಹೋಗಿ ಮಕ್ಕಳಿಗೆ ಪ್ರಯೋಗ ಮಾಡಿಸುತ್ತೇನೆ. ಈ ಪತ್ರವನ್ನು ನಿಮ್ಮ ಕಚೇರಿಗೆ ಮಾತ್ರ ಕಳಿಸದೆ ಎಲ್ಲರೂ ಓದಲಿ ಎಂದು ಬರೆದಿದ್ದಕ್ಕೆ ಕಾರಣ ಇದೆ. ನೀವು ಒಪ್ಪಿದರೂ ಅಪ್ಪ ಅಮ್ಮಂದಿರು ಒಪ್ಪದೆ ಈ ಕೆಲಸ ಆಗುವುದಿಲ್ಲ. ಅವರು ಒಪ್ಪಿದರೂ ನಿಮ್ಮ ಕಡೆಯಿಂದ ಒಂದು ಕಾಗದ ಬರದೆ ಯಾವ ಎಚ್.ಎಂ. (ಮುಖ್ಯ ಶಿಕ್ಷಕರು) ಕೂಡ ಧೈರ್ಯ ಮಾಡುವುದಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಒಂಬತ್ತು ಮತ್ತು ಹತ್ತನೇ ತರಗತಿಯಲ್ಲಿ, ಶಿಕ್ಷಕರು ಮೊದಲೇ ಪಾಠ ಯೋಜನೆಯಲ್ಲಿ ಬರೆದ ದಿನ, ಬರೆದ ಪ್ರಯೋಗಕ್ಕೆ, ಐದಾರು ಮಕ್ಕಳ ಗುಂಪಿಗೆ ಒಂದೊಂದು ಫೋನ್ ಕೊಡಲು ಬಿಡಿ. ಇಂಟರ್ನೆಟ್ ಬೇಡ, ಸಿಮ್ ಬೇಡ. ಪ್ರಯೋಗ ಮುಗಿದ ಕೂಡಲೇ ಫೋನ್ ವಾಪಸ್ ಬೀರು ಸೇರಲಿ. ಉಳಿದಂತೆ ಮಕ್ಕಳು ಶಾಲೆಗೆ ಮೊಬೈಲ್ ತರಬಾರದು ಅನ್ನುವ ನಿಯಮ ಹಾಗೇ ಇರಲಿ. ಅದನ್ನು ತೆಗೆಯಿರಿ ಎಂದು ನಾನು ಹೇಳುವುದೇ ಇಲ್ಲ. ಆ ನಿಯಮ ಬೇಕು.

ಮೊದಲು ನಮ್ಮ ಲ್ಯಾಬ್‌ಗಳ ಮಾತು ಹೇಳುತ್ತೇನೆ. ನಿಮಗೆ ಗೊತ್ತಿಲ್ಲದ್ದೇನಲ್ಲ. ಎಷ್ಟೋ ಪ್ರೌಢಶಾಲೆಗಳಲ್ಲಿ ಲ್ಯಾಬ್ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿರುವ ಒಂದು ಕಬ್ಬಿಣದ ಬೀರು. ಮಳೆಗಾಲದ ನಾಲ್ಕು ತಿಂಗಳು ಅದರೊಳಗೆ ಎಲ್ಲಕ್ಕೂ ಬೂಷ್ಟು. ಸೂಕ್ಷ್ಮದರ್ಶಕದ ಮಸೂರಕ್ಕೆ ಬೂಷ್ಟು ಹತ್ತಿದರೆ ಮುಗಿಯಿತು, ಎಷ್ಟು ಒರೆಸಿದರೂ ಮಂಜು. ಅಮ್ಮೀಟರಿನ ಮುಳ್ಳು ಒಂದು ಕಡೆ ವಾಲಿ ನಿಂತಿರುತ್ತದೆ. ಸ್ಟಾಪ್‌ವಾಚಿಗೆ ಸೆಲ್ ಇರುವುದಿಲ್ಲ. ಇದಕ್ಕೆ ಶಿಕ್ಷಕರನ್ನು ದೂರಿ ಫಲವಿಲ್ಲ. ಇದು ನಮ್ಮ ಹವೆ, ನಮ್ಮ ಅನುದಾನದ ಲೆಕ್ಕ. ಆದರೆ ಇದೇ ಊರುಗಳ ಹೆಚ್ಚಿನ ಮನೆಗಳಲ್ಲಿ ಒಂದು ಫೋನ್ ಇದೆ. ಅದರಲ್ಲಿ ಮೈಕು ಇದೆ, ಕ್ಯಾಮೆರಾ ಇದೆ, ಸೆಕೆಂಡಿನ ಸಾವಿರದಲ್ಲೊಂದು ಪಾಲನ್ನು ಎಣಿಸುವ ಗಡಿಯಾರ ಇದೆ, ಅಲುಗಾಟ ಅಳೆಯುವ ಸೆನ್ಸರ್ ಇದೆ. ಎಷ್ಟೋ ಫೋನ್‌ಗಳಲ್ಲಿ ಕಾಂತಕ್ಷೇತ್ರ ಅಳೆಯುವ ಸೆನ್ಸರೂ ಇರುತ್ತದೆ. ಯಾವ ಪ್ರೌಢಶಾಲೆಯ ಬೀರುವಿನಲ್ಲೂ ಇಷ್ಟು ಉಪಕರಣ ಇಲ್ಲ.

ಇದನ್ನು ಸುಮ್ನೆ ಹೇಳಿದರೆ ನಂಬುವುದು ಕಷ್ಟ. ಒಂದು ಪ್ರಯೋಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂಬತ್ತನೇ ತರಗತಿಯಲ್ಲಿ ಶಬ್ದದ ಪಾಠ ಇದೆಯಲ್ಲ. ಪ್ರತಿಧ್ವನಿ ಕೇಳಬೇಕಾದರೆ ಎದುರಿನ ಗೋಡೆ ಕನಿಷ್ಠ 17.2 ಮೀಟರ್ ದೂರ ಇರಬೇಕು ಎಂದು ಮಕ್ಕಳಿಗೆ ಬಾಯಿಪಾಠ. ಆ ಲೆಕ್ಕಕ್ಕೆ ಶಬ್ದದ ವೇಗ ಸೆಕೆಂಡಿಗೆ 344 ಮೀಟರ್ ಎಂದು ಹಿಡಿದಿದ್ದಾರೆ. ಆ 344 ಎಲ್ಲಿಂದ ಬಂತು ಎಂದು ಕೇಳಿ ನೋಡಿ. ಇಡೀ ತರಗತಿ ಗಪ್‌ಚುಪ್. ಪುಸ್ತಕದಲ್ಲಿದೆ ಮೇಡಂ ಅನ್ನುತ್ತಾರೆ. ಅವರ ತಪ್ಪಲ್ಲ. ನಾವು ಯಾವತ್ತೂ ಅಳೆಸಿಲ್ಲ. ಹಳೆಯ ಸ್ಟಾಪ್‌ವಾಚಿನಲ್ಲಿ ಅಳೆಯಲು ಬರುವುದೂ ಇಲ್ಲ. ಹತ್ತು ಮೀಟರ್ ದಾಟಲು ಶಬ್ದಕ್ಕೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ಸಾಕು. ಅಷ್ಟರೊಳಗೆ ಯಾರ ಹೆಬ್ಬೆರಳೂ ಗುಂಡಿ ಒತ್ತುವುದಿಲ್ಲ.

ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಫೈಫಾಕ್ಸ್ ಎಂಬ ಆ್ಯಪ್ ಹೊರತಂದರು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ನೆಟ್ ಬೇಕಿಲ್ಲ. ಅದರಲ್ಲಿ ಶಬ್ದ ಕೇಳಿದರೆ ಓಡಲು ಶುರುವಾಗುವ, ಇನ್ನೊಂದು ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚ್ ಇದೆ. ಶಾಲೆಯ ಜಗುಲಿಯಲ್ಲಿ ಟೇಪು ಹಿಡಿದು 10 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಹಾಕಿದೆವು. ಎರಡೂ ತುದಿಗೆ ಒಂದೊಂದು ಫೋನ್. ಪಕ್ಕದಲ್ಲಿ ಒಬ್ಬೊಬ್ಬರು. ಈ ತುದಿಯ ಹುಡುಗಿ ಚಪ್ಪಾಳೆ ತಟ್ಟುತ್ತಾಳೆ. ಅವಳ ಫೋನ್ ಆಗಲೇ ಓಡಲು ಶುರು. ಆ ತುದಿಯ ಫೋನಿಗೆ ಶಬ್ದ ಸ್ವಲ್ಪ ತಡವಾಗಿ ತಲುಪುತ್ತದೆ, ಅದು ತಡವಾಗಿ ಓಡುತ್ತದೆ. ಆಮೇಲೆ ಆ ತುದಿಯ ಹುಡುಗ ತಟ್ಟುತ್ತಾನೆ. ಅವನ ಫೋನ್ ಮೊದಲು ನಿಲ್ಲುತ್ತದೆ, ಇವಳದ್ದು ತಡವಾಗಿ. ಎರಡು ಫೋನಿನ ಸಮಯದಲ್ಲಿ ಇರುವ ವ್ಯತ್ಯಾಸವೇ ಶಬ್ದ ಹೋಗಿ ಬರಲು, ಅಂದರೆ 20 ಮೀಟರ್ ದಾಟಲು, ತೆಗೆದುಕೊಂಡ ಸಮಯ. ಇಬ್ಬರ ಗಡಿಯಾರ ಒಂದೇ ಹೊತ್ತಿಗೆ ಶುರುವಾಗಬೇಕು ಅಂತಲೂ ಇಲ್ಲ. ಎಷ್ಟು ಚಂದದ ಲೆಕ್ಕ ನೋಡಿ.

ಮೊದಲ ಗುಂಪಿಗೆ 0.059 ಸೆಕೆಂಡ್ ಬಂತು. ಭಾಗಿಸಿದರೆ 339. ಎರಡನೇ ಗುಂಪಿಗೆ 0.061, ಅಂದರೆ 328. ಮೂರನೆಯವರಿಗೆ 0.055. ಅವರ ಉತ್ತರ 364. ಮಿಕ್ಕವರೆಲ್ಲ ನಿಮ್ಮದು ತಪ್ಪು ಎಂದು ಕೂಗಿದರು. ಆ ಗುಂಪಿನ ಹುಡುಗಿಯೊಬ್ಬಳು ಎದ್ದು ಜಗುಲಿಯ ತುದಿಗೆ ಹೋಗಿ ಬಗ್ಗಿ ನೋಡಿದಳು. ಅಲ್ಲಿ ಮಳೆಯ ಇರಚಲು ಬೀಳುತ್ತಿತ್ತು. ಫೋನ್ ಒದ್ದೆಯಾಗುತ್ತದೆ ಎಂದು ಯಾರೋ ಅದನ್ನು ಗೆರೆಯಿಂದ ಅರ್ಧ ಮೀಟರ್ ಒಳಗೆ ಸರಿಸಿಟ್ಟಿದ್ದರು. "ಮೇಡಂ, ನಮ್ಮದು ಹತ್ತು ಮೀಟರೇ ಅಲ್ಲ, ಒಂಬತ್ತೂವರೆ" ಎಂದಳು. 19 ಮೀಟರನ್ನು 0.055ರಿಂದ ಭಾಗಿಸಿದರೆ 345. ಮೂರನ್ನೂ ಸೇರಿಸಿ ಸರಾಸರಿ ತೆಗೆದಾಗ 337 ಬಂತು. ಪುಸ್ತಕಕ್ಕಿಂತ 7 ಕಡಿಮೆ. ಆ ಏಳು ಎಲ್ಲಿ ಹೋಯಿತು ಎಂಬುದರ ಮೇಲೆ ಬೆಲ್ ಹೊಡೆದ ಮೇಲೂ ವಾದ ನಡೆಯಿತು. ಟೇಪು ಜೋಲು ಬಿದ್ದಿತ್ತು ಎಂದು ಒಬ್ಬ, ಚಪ್ಪಾಳೆ ಫೋನಿಗೆ ಹತ್ತಿರ ಇರಲಿಲ್ಲ ಎಂದು ಇನ್ನೊಬ್ಬ, ಹವೆ ತಂಪಾಗಿದ್ದರೆ ಶಬ್ದ ನಿಧಾನ ಅಲ್ವಾ ಎಂದು ಮತ್ತೊಬ್ಬಳು.

ಸಾರ್, ವಿಜ್ಞಾನದ ಪಾಠ ಅಂದರೆ ಈ ವಾದ. ಉತ್ತರ ಪುಸ್ತಕದ ಉತ್ತರಕ್ಕೆ ಕೂಡದಿದ್ದಾಗ ಜಗುಲಿಯ ತುದಿಗೆ ಹೋಗಿ ನೋಡಿದಳಲ್ಲ, ಅಂಥ ಮಗುವಿಗಾಗಿ ನಾನು ಈ ಪತ್ರ ಬರೆಯುತ್ತಿದ್ದೇನೆ. ವಿಡಿಯೋ ತೋರಿಸಿದ್ದರೆ ಅವಳು ಎದ್ದು ಹೋಗುತ್ತಿರಲಿಲ್ಲ. ವಿಡಿಯೋದಲ್ಲಿ ಯಾವಾಗಲೂ 344 ಬರುತ್ತದೆ.

ಇದೇ ಪ್ರಯೋಗ ಮಾಡುವವರಿಗೆ ಒಂದು ಮಾತು. ಶೀಟಿನ ಮೇಲೆ ಜೋರು ಮಳೆ ಬಿದ್ದರೆ ಫೋನ್ ಅದನ್ನೇ ಚಪ್ಪಾಳೆ ಎಂದು ತಿಳಿದು ಓಡಲು ಶುರುಮಾಡುತ್ತದೆ. ಎಷ್ಟು ಜೋರು ಶಬ್ದಕ್ಕೆ ಓಡಬೇಕು ಎಂಬ ಮಿತಿಯನ್ನು ಆ್ಯಪ್‌ನಲ್ಲೇ ಏರಿಸಬಹುದು. ಅದಕ್ಕೂ ಬಗ್ಗದಿದ್ದರೆ ಮಳೆ ಹೊಳವಾಗುವವರೆಗೆ ಕಾಯಬೇಕು.

ಇನ್ನೂ ಎಷ್ಟೋ ಇವೆ. ಎತ್ತರದಿಂದ ಗೋಲಿ ಬೀಳಿಸಿ ಅದೇ ಸ್ಟಾಪ್‌ವಾಚಿನಲ್ಲಿ ಗುರುತ್ವವೇಗೋತ್ಕರ್ಷ ಕಂಡುಹಿಡಿಯಬಹುದು. ಫೋನನ್ನೇ ಬಟ್ಟೆಯ ಚೀಲದಲ್ಲಿ ಇಟ್ಟು ತೂಗುಬಿಟ್ಟರೆ ಲೋಲಕ. ಹಳೆಯ ಸಿಡಿ ಪ್ಲೇಯರಿನೊಳಗೆ ಒಂದು ಪುಟ್ಟ ಮಸೂರ ಇರುತ್ತದೆ. ಅದನ್ನು ಕ್ಯಾಮೆರಾದ ಮೇಲೆ ಕೂರಿಸಿದರೆ ಈರುಳ್ಳಿ ಸಿಪ್ಪೆಯ ಕೋಶಗಳ ಗೆರೆ ಕಾಣುತ್ತದೆ. ಆ ಚಿತ್ರವನ್ನು ಗುಂಪಿನವರೆಲ್ಲ ಒಟ್ಟಿಗೆ ನೋಡಬಹುದು. ಒಂದೇ ಸೂಕ್ಷ್ಮದರ್ಶಕಕ್ಕೆ ನಲವತ್ತು ಮಕ್ಕಳು ಸಾಲು ನಿಂತು, ಕಾಣದಿದ್ದರೂ ಕಂಡಿತು ಮೇಡಂ ಎಂದು ಮುಂದೆ ಹೋಗುವ ಪಾಡು ಇರುವುದಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಅಡಿಕೆಯ ಎಲೆಚುಕ್ಕಿ ರೋಗ ಪಾಠವಲ್ಲ, ಮನೆಯ ಚಿಂತೆ. ಈ ವರ್ಷ ಫೀಸು ಕಟ್ಟಲು ಆಗುತ್ತದೋ ಇಲ್ಲವೋ ಎಂಬುದು ಅದರ ಮೇಲೆ ನಿಂತಿದೆ. ಶಿಲೀಂಧ್ರದಿಂದ ಬರುವ ಈ ರೋಗವನ್ನು ಪುಸ್ತಕದ ಪಾಠಕ್ಕೆ ಜೋಡಿಸುವುದು ಎಷ್ಟು ಸುಲಭ! ಶಾಲೆಯ ಹತ್ತಿರದ ತೋಟದಲ್ಲಿ ಒಂದು ಮರ ಗುರುತು ಮಾಡಿ, ಅದೇ ಸೋಗೆಯ ಪಕ್ಕ ಸ್ಕೇಲ್ ಇಟ್ಟು ವಾರಕ್ಕೊಂದು ಫೋಟೋ ತೆಗೆದರೆ ಸಾಕು. ಚುಕ್ಕಿ ಎಷ್ಟಾಯಿತು, ಎಷ್ಟು ಅಗಲವಾಯಿತು, ಮಳೆ ಜಾಸ್ತಿ ಬಂದ ವಾರ ಏನಾಯಿತು, ಔಷಧಿ ಹೊಡೆದ ಮೇಲೆ ಏನಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಮಕ್ಕಳ ಕೈಯಲ್ಲಿ ಅವರ ಊರಿನದ್ದೇ ಒಂದು ದಾಖಲೆ ಇರುತ್ತದೆ. ಕನ್ನಡದ ಮೇಷ್ಟ್ರು ಬಯಸಿದರೆ ದೀಪಾವಳಿಯ ಅಂಟಿಗೆ-ಪಂಟಿಗೆ ಹಾಡುಗಳನ್ನು, ಅಜ್ಜಿಯರ ಸೋಬಾನೆಯನ್ನು ಮಕ್ಕಳಿಂದಲೇ ರೆಕಾರ್ಡ್ ಮಾಡಿಸಿ, ಕೇಳಿ ಬರೆಸಬಹುದು. ಹಾಡುವವರು ಕಡಿಮೆಯಾಗುತ್ತಿದ್ದಾರೆ. ಇದನ್ನು ಬೇಗ ಮಾಡಬೇಕು.

ಈಗ ಆತಂಕಗಳ ಮಾತು. ಇವುಗಳನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಫೋನ್ ಗಮನ ಕೆಡಿಸುತ್ತದೆ ಎಂಬುದು ನಿಜ. ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ದೇಶದೇಶಗಳಲ್ಲಿ ಅಳೆಯುವ ಪೀಸಾ ಸಮೀಕ್ಷೆಯಲ್ಲಿ, 2022ರಲ್ಲಿ, ಕೆಲವು ಗಣಿತದ ತರಗತಿಗಳಲ್ಲಾದರೂ ಡಿಜಿಟಲ್ ಸಾಧನಗಳಿಂದ ನಮ್ಮ ಗಮನ ಹಾಳಾಗುತ್ತದೆ ಎಂದು ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ದೇಶಗಳ 65% ಮಕ್ಕಳು ತಾವೇ ಹೇಳಿದ್ದಾರೆ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಶವೂ ಇದೆ. ಶಾಲೆಯಲ್ಲಿ ಕಲಿಕೆಗಾಗಿ ದಿನಕ್ಕೆ ಒಂದು ಗಂಟೆಯವರೆಗೆ ಸಾಧನ ಬಳಸಿದ ಮಕ್ಕಳು, ಬಳಸದೇ ಇದ್ದವರಿಗಿಂತ ಗಣಿತದಲ್ಲಿ 14 ಅಂಕ ಮುಂದಿದ್ದರು. ಅಂದರೆ ಎಷ್ಟು ಹೊತ್ತು, ಯಾತಕ್ಕೆ, ಯಾರ ಎದುರು ಎಂಬುದರ ಮೇಲೆ ಎಲ್ಲ ನಿಂತಿದೆ. ಫ್ರಾನ್ಸ್ ದೇಶ 2018ರಲ್ಲಿ ಶಾಲೆಗಳಲ್ಲಿ ಮೊಬೈಲ್ ನಿಷೇಧಿಸಿ ಕಾನೂನು ಮಾಡಿತು. ನಿಷೇಧ ಬೇಕು ಅನ್ನುವವರೆಲ್ಲ ಆ ಉದಾಹರಣೆ ಕೊಡುತ್ತಾರೆ. ಆದರೆ ಆ ಕಾನೂನಿನೊಳಗೇ ಪಾಠದ ಬಳಕೆಗೆ ವಿನಾಯಿತಿ ಇದೆ. ಶಾಲೆಯ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಬಳಸಬಹುದು. ಯುನೆಸ್ಕೋ 2023ರ ವರದಿಯೂ ಕಲಿಕೆಗೆ ನೆರವಾಗುವಾಗ ಮಾತ್ರ ತಂತ್ರಜ್ಞಾನ ಬಳಸಿ ಎಂದೇ ಹೇಳಿತು. ನಾನು ಕೇಳುವುದೂ ಅಂಥದ್ದೇ ಒಂದು ವಿನಾಯಿತಿ.

ನಮ್ಮ ದೇಶದ ಹಳ್ಳಿಗಳ ಲೆಕ್ಕವೂ ಇದೆ. ಹಳ್ಳಿ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ನೋಡುವ ಅಸರ್ ಸಮೀಕ್ಷೆಯಲ್ಲಿ, 2024ರಲ್ಲಿ, 14ರಿಂದ 16 ವರ್ಷದ ಹಳ್ಳಿ ಮಕ್ಕಳಲ್ಲಿ 82.2% ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಫೋನ್ ಬಳಸಿದವರು 57%, ಸೋಷಿಯಲ್ ಮೀಡಿಯಾ ನೋಡಿದವರು 76%. ನಾವು ಶಾಲೆಯ ಬಾಗಿಲಲ್ಲಿ ಫೋನ್ ತಡೆದಿದ್ದೇವೆ, ಸರಿ. ಆದರೆ ಸಂಜೆ ಮನೆಯಲ್ಲಿ ಅದೇ ಫೋನ್ ಕೈಗೆ ಬಂದಾಗ ಅದರಿಂದ ಬೇರೇನು ಮಾಡಬಹುದು ಎಂದು ಯಾರೂ ತೋರಿಸಿಲ್ಲ. ರೀಲ್ಸ್ ಒಂದನ್ನೇ ಬಲ್ಲ ಮಗುವಿಗೆ ರೀಲ್ಸ್ ನೋಡಬೇಡ ಎಂದು ಗದರಿದರೆ ಏನು ಉಪಯೋಗ?

ಹೆಣ್ಣುಮಕ್ಕಳ ಮಾತಂತೂ ಹೇಳಲೇಬೇಕು. ಅದೇ ಸಮೀಕ್ಷೆಯಲ್ಲಿ, ಫೋನ್ ಬಳಸಲು ಬರುವ ಗಂಡುಮಕ್ಕಳಲ್ಲಿ 36.2% ಮಂದಿಗೆ ತಮ್ಮದೇ ಫೋನ್ ಇತ್ತು, ಹೆಣ್ಣುಮಕ್ಕಳಲ್ಲಿ 26.9% ಮಂದಿಗೆ ಮಾತ್ರ. ನಮ್ಮ ಮನೆಗಳಲ್ಲೂ ಹಾಗೇ. ಮನೆಯ ಫೋನ್ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗುತ್ತದೆ, ಸಂಜೆ ಬಂದರೆ ಅಣ್ಣನ ಕೈ ಸೇರುತ್ತದೆ. ಹುಡುಗಿಗೆ ಸಿಗುವುದು ಯಾರಿಗೂ ಬೇಡವಾದ ಹೊತ್ತಿನಲ್ಲಿ, ಅದೂ "ಯಾರಿಗೆ ಮೆಸೇಜ್ ಮಾಡ್ತಿದ್ದೀಯ?" ಎಂಬ ಪ್ರಶ್ನೆಯ ಜೊತೆಗೆ. ಶಾಲೆಯಲ್ಲಿ ಗುಂಪಿಗೊಂದು ಫೋನ್ ಬಂದರೆ, ಅದನ್ನು ಹಿಡಿಯುವ ಸರದಿ ಅವಳಿಗೂ ಖಂಡಿತ ಬರುತ್ತದೆ. ಶಿಕ್ಷಕರು ಇದನ್ನು ನೋಡಿಕೊಳ್ಳಬೇಕು. ಬಿಟ್ಟರೆ ಹುಡುಗರು ಫೋನ್ ಹಿಡಿಯುತ್ತಾರೆ, ಹುಡುಗಿಯರು ನೋಟ್ಸ್ ಬರೆಯುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಹೆಣ್ಣುಮಕ್ಕಳ ಫೋಟೋ ತೆಗೆದು ಗಲಾಟೆ ಮಾಡುವ ಭಯವೂ ಸುಳ್ಳಲ್ಲ. ಅದಕ್ಕೇ ಮಕ್ಕಳ ಸ್ವಂತ ಫೋನ್ ಬೇಡ, ಶಾಲೆಯ ಫೋನ್ ಇರಲಿ ಅನ್ನುತ್ತೇನೆ. ಮನುಷ್ಯರ ಫೋಟೋ ತೆಗೆಯುವಂತಿಲ್ಲ ಎಂಬ ನಿಯಮ ಬರೆದು ಹಾಕೋಣ. ಪ್ರಯೋಗ ಮುಗಿದ ಮೇಲೆ ಗ್ಯಾಲರಿಯನ್ನು ಶಿಕ್ಷಕರೇ ನೋಡಿ, ಬೇಕಾದ್ದನ್ನು ಶಾಲೆಯ ಕಂಪ್ಯೂಟರಿಗೆ ಹಾಕಿ, ಉಳಿದದ್ದನ್ನು ಅಳಿಸಲಿ. ಸಿಮ್ ಇಲ್ಲದ, ಏರೋಪ್ಲೇನ್ ಮೋಡ್‌ನಲ್ಲಿರುವ ಫೋನಿನಿಂದ ಏನೂ ಹೊರಗೆ ಹೋಗುವುದಿಲ್ಲ.

ನೆಟ್‌ವರ್ಕ್ ಇಲ್ಲದ ಊರಲ್ಲಿ ಇದೆಲ್ಲ ಹೇಗೆ ಎಂದು ಕೆಲವರು ಕೇಳುತ್ತಾರೆ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಮಕ್ಕಳು ಕೊಡೆ ಹಿಡಿದುಕೊಂಡು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ್ದನ್ನು ನಾವ್ಯಾರೂ ಮರೆತಿಲ್ಲ. ಈಗಲೂ ಕಣಿವೆಯ ಊರುಗಳಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ, ಅದನ್ನು ಸ್ಕ್ಯಾನ್ ಮಾಡಿದರೆ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಜಾಲತಾಣದಲ್ಲಿ ವಿಡಿಯೋ ಸಿಗುತ್ತದೆ. ಆದರೆ ಎಷ್ಟೋ ಶಾಲೆಗಳಲ್ಲಿ ವಿಡಿಯೋ ತೆರೆಯದೆ ಪರದೆಯ ಮೇಲೆ ಗಾಲಿ ತಿರುಗುತ್ತಲೇ ಇರುತ್ತದೆ, ಪೀರಿಯಡ್ ಮುಗಿಯುತ್ತದೆ. ಅದಕ್ಕೇ ನನ್ನ ಬೇಡಿಕೆ ನೋಡುವ ವಿಡಿಯೋಗಳ ಬಗ್ಗೆ ಅಲ್ಲವೇ ಅಲ್ಲ. ಅಳೆಯುವುದಕ್ಕೆ ಸಿಗ್ನಲ್ ಬೇಕಿಲ್ಲ. ಮಲೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ ಇದು.

ಜೊತೆಗೆ ಇನ್ನೊಂದು ಬೇಡಿಕೆ. ಹಗಲು ಫೋನ್ ಮುಟ್ಟಬೇಡ ಎಂದು ಹೇಳಿ, ರಾತ್ರಿ ಎಂಟಕ್ಕೆ ವಾಟ್ಸಾಪ್ ಗ್ರೂಪಿಗೆ ಹೋಂವರ್ಕ್ ಹಾಕುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಹೋಂವರ್ಕ್ ಎಂಬ ನೆಪದಲ್ಲೇ ಫೋನ್ ಮಗುವಿನ ಕೈಗೆ ಹೋಗುತ್ತದೆ, ಅಲ್ಲಿಂದ ವಾಪಸ್ ಬರುವುದು ಹತ್ತಕ್ಕೆ. ಫೋನ್ ಇಲ್ಲದ ಮನೆಯ ಮಗು ಮರುದಿನ ಬೈಸಿಕೊಳ್ಳುತ್ತದೆ. ಬೋರ್ಡಿನ ಮೇಲೆ ಬರೆಯಲಿ, ಮಕ್ಕಳು ಡೈರಿಯಲ್ಲಿ ಬರೆದುಕೊಳ್ಳಲಿ. ಗ್ರೂಪ್ ಮಳೆ ರಜೆ ತಿಳಿಸುವುದಕ್ಕೆ ಇರಲಿ.

ಪೋಷಕರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮಗುವಿಗೆ ಹೊಸ ಫೋನ್ ಕೊಡಿಸಿ ಎಂದು ಯಾವ ಶಾಲೆಯೂ ಕೇಳಬಾರದು, ಕೇಳಿದರೆ ನೀವು ಒಪ್ಪಬೇಡಿ. ನಿಮ್ಮ ಮನೆಯ ಕಪಾಟಿನಲ್ಲಿ ಗಾಜು ಒಡೆದ, ಸ್ಪೀಕರ್ ಕೆಟ್ಟ, ವಾಟ್ಸಾಪ್ ನಿಂತುಹೋದ ಹಳೆಯ ಫೋನ್ ಇರಬಹುದು. ಬೆಂಗಳೂರಿನಲ್ಲಿರುವ ಮಗ ಹೊಸದು ತಂದುಕೊಟ್ಟ ಮೇಲೆ ಮೂಲೆ ಸೇರಿದ್ದು. ಅದು ಚಾರ್ಜ್ ಆಗಿ, ಟಚ್ ಕೆಲಸ ಮಾಡಿದರೆ ನಮಗೆ ಸಾಕು. ಕಡಿಮೆ ಬೆಲೆಯ ಫೋನಿನಲ್ಲೂ ಮೈಕು, ಕ್ಯಾಮೆರಾ, ಅಲುಗಾಟದ ಸೆನ್ಸರ್ ಇರುತ್ತವೆ. ನಿಮ್ಮ ಫೋಟೋ, ನಂಬರ್, ಬ್ಯಾಂಕ್ ಆ್ಯಪ್ ಎಲ್ಲ ಅಳಿಸಿ, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ ತೆಗೆದು ಕೊಡಿ. ರೀಸೆಟ್ ಮಾಡುವ ಮೊದಲು ಗೂಗಲ್ ಖಾತೆಯಿಂದ ಹೊರಬರುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಆ ಫೋನ್ ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ. ಬ್ಯಾಟರಿ ಉಬ್ಬಿದ ಫೋನ್ ಮಾತ್ರ ಖಂಡಿತ ಬೇಡ, ಅದು ಅಪಾಯ. ಇಂಥ ಹತ್ತು ಫೋನ್ ಸಿಕ್ಕರೆ ಒಂದು ತರಗತಿ ನಡೆಯುತ್ತದೆ. ಯಾರ ಮನೆಯಲ್ಲಿ ಫೋನ್ ಇದೆ, ಯಾರ ಮನೆಯಲ್ಲಿ ಇಲ್ಲ ಎಂಬ ಮಾತೂ ತರಗತಿಯಲ್ಲಿ ಏಳುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅದು.

ಮಾನ್ಯ ಉಪನಿರ್ದೇಶಕರೇ, ಆದೇಶದಲ್ಲಿ ಶಿಕ್ಷಕರಿಗೆ ರಕ್ಷಣೆ ಇರಲಿ ಎಂದು ವಿಶೇಷವಾಗಿ ಕೇಳುತ್ತೇನೆ. ಇವತ್ತು ಯುವ ಶಿಕ್ಷಕಿಯೊಬ್ಬಳು ಉತ್ಸಾಹದಿಂದ ಫೋನ್ ಹಿಡಿದು ಪ್ರಯೋಗ ಮಾಡಿಸಿದರೆ, ದಾರಿಯಲ್ಲಿ ಹೋಗುವವರು ಯಾರೋ ಅದನ್ನು ವಿಡಿಯೋ ಮಾಡಿ "ಶಾಲೆಯಲ್ಲಿ ಮೊಬೈಲ್ ಆಟ" ಎಂದು ಹಾಕುತ್ತಾರೆ. ಮರುದಿನ ಅವಳಿಗೆ ನೋಟಿಸ್. ಹೀಗಾಗುತ್ತದೆ ಎಂಬ ಹೆದರಿಕೆಯಿಂದಲೇ ಎಷ್ಟೋ ಒಳ್ಳೆಯ ಶಿಕ್ಷಕರು ಸುಮ್ಮನಿದ್ದಾರೆ. ಪಾಠ ಯೋಜನೆಯಲ್ಲಿ ಬರೆದು ಎಚ್.ಎಂ. ಸಹಿ ಆಗಿದ್ದರೆ ಅದು ಕರ್ತವ್ಯದ ಭಾಗ ಎಂದು ನಿಮ್ಮ ಆದೇಶದಲ್ಲಿ ಒಂದು ಸಾಲು ಇರಲಿ. ಹಾಗೆಯೇ, ಮಾಡಲು ಇಷ್ಟವಿಲ್ಲದ ಶಿಕ್ಷಕರ ಮೇಲೆ ಒತ್ತಡ ಬೇಡ. ತಿಂಗಳಿಗೆ ಇಷ್ಟು ಪ್ರಯೋಗ ಮಾಡಿ ಫೋಟೋ ಅಪ್‌ಲೋಡ್ ಮಾಡಿ ಎಂಬ ಸುತ್ತೋಲೆಯಂತೂ ಬೇಡವೇ ಬೇಡ. ಫೋಟೋಗಾಗಿ ಪ್ರಯೋಗ ಮಾಡುವ ದಿನ ಈ ಕೆಲಸ ಸತ್ತ ಹಾಗೆ.

ಇಡೀ ಜಿಲ್ಲೆಗೆ ಒಟ್ಟಿಗೆ ಕೊಡುವುದು ಕಷ್ಟ ಅನಿಸಿದರೆ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಕೆಲವು ಶಾಲೆಗಳಲ್ಲಿ ಒಂದು ವರ್ಷ ನೋಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪೋಷಕರ ಒಪ್ಪಿಗೆ ಪಡೆದ ಶಾಲೆಗಳು ಮಾತ್ರ ಬರಲಿ. ಶಿಕ್ಷಕರಿಗೆ ಶಿವಮೊಗ್ಗದ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಎರಡು ದಿನದ ತರಬೇತಿ ಸಾಕು. ಮೊದಲ ದಿನ ಅವರೇ ಮಕ್ಕಳ ಹಾಗೆ ಜಗುಲಿಯಲ್ಲಿ ನಿಂತು ಚಪ್ಪಾಳೆ ತಟ್ಟಿ ಅಳೆಯಲಿ. ವರ್ಷದ ಕೊನೆಗೆ ಆ ಶಾಲೆಗಳಿಗೆ ನೀವೇ ಬನ್ನಿ. ಅಂಕಪಟ್ಟಿ ನೋಡುವ ಮೊದಲು ಮಕ್ಕಳ ಪ್ರಯೋಗದ ಪುಸ್ತಕ ತೆರೆಸಿ, ಈ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿ. ಅವರು ಹೇಳುವ ಉತ್ತರ ನಿಮಗೆ ತೃಪ್ತಿ ಕೊಡದಿದ್ದರೆ ಅನುಮತಿ ವಾಪಸ್ ತೆಗೆದುಕೊಳ್ಳಿ, ನಾನು ಇನ್ನೊಂದು ಪತ್ರ ಬರೆಯುವುದಿಲ್ಲ.

ತರಬೇತಿಗೆ ನಾನು ಬರಲು ಸಿದ್ಧ. ಸಂಭಾವನೆ ಬೇಡ, ಬಸ್ ಚಾರ್ಜೂ ಬೇಡ. ಮೇ ಕೊನೆಗೆ ಶಾಲೆ ತೆರೆಯುವ ಮೊದಲು ಆದೇಶ ಬಂದರೆ ಶಬ್ದದ ಪಾಠಕ್ಕೆ ಬರುವ ಹೊತ್ತಿಗೆ ಫೋನ್‌ಗಳು ಶಾಲೆಯ ಬೀರುವಿನಲ್ಲಿ ಚಾರ್ಜ್ ಆಗಿ ಕೂತಿರುತ್ತವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು